ಶಿಕ್ಷಕರ ವೃತ್ತಿ ಬೆಳವಣಿಗೆಗೆ ಸೋಶಿಯಲ್ ಮೀಡಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರ ಗುಂಪಿಗೆ ಹೊಸಬರು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಅವನ್ನೆಲ್ಲ ಒಂದೇ ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ವಾಟ್ಸಾಪ್, ಟೆಲಿಗ್ರಾಂ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್), ಲಿಂಕ್ಡ್‌ಇನ್ ಎಲ್ಲವೂ ಇದರಲ್ಲಿ ಬರುತ್ತವೆ. ಮಕ್ಕಳಿಗೆ ಪಾಠ ಮಾಡಲು ಇವನ್ನು ಬಳಸುವ ವಿಷಯ ಬೇರೆಯೇ. ಇಲ್ಲಿರುವುದು ಶಿಕ್ಷಕರು ತಾವು ಕಲಿಯುವುದರ ಬಗ್ಗೆ ಮಾತ್ರ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಇದರಿಂದ ನಿಜವಾಗಲೂ ನನ್ನ ಪಾಠ ಸುಧಾರಿಸುತ್ತಾ, ಇಲ್ಲ ಸುಮ್ನೆ ಟೈಮ್ ಪಾಸಾ?

ಎರಡೂ ಆಗಬಹುದು. ನಿಮ್ಮ ತರಗತಿಯಲ್ಲಿ ಹುಟ್ಟಿದ ಒಂದು ಪ್ರಶ್ನೆ ಇಟ್ಟುಕೊಂಡು ಹೋದರೆ ಏನಾದರೂ ಸಿಗುತ್ತದೆ. ಪ್ರಶ್ನೆ ಇಲ್ಲದೆ ಹೋದರೆ ಆ್ಯಪ್ ತೋರಿಸಿದ್ದನ್ನು ನೋಡಿಕೊಂಡು ವಾಪಸ್ ಬರುತ್ತೇವೆ.

ಶಿಕ್ಷಕರದ್ದು ಒಂಟಿ ಕೆಲಸ. ದಿನವಿಡೀ ಮಕ್ಕಳ ನಡುವೆ ಇದ್ದರೂ ಪಾಠ ಹೇಗಾಯಿತು ಅಂತ ಮಾತಾಡಲು ಪಕ್ಕದಲ್ಲಿ ಇನ್ನೊಬ್ಬ ಶಿಕ್ಷಕರು ಇರುವುದಿಲ್ಲ. ಶಾಲೆಯಲ್ಲಿ ನಿಮ್ಮ ವಿಷಯಕ್ಕೆ ನೀವೊಬ್ಬರೇ ಇರಬಹುದು. ತರಬೇತಿ ಬರುವುದು ವರ್ಷಕ್ಕೆ ಕೆಲವೇ ದಿನ, ಅದೂ ಬೇರೆ ಯಾರೋ ಆರಿಸಿದ ವಿಷಯದ ಮೇಲೆ. ತೊಂದರೆ ಮಾತ್ರ ಮಂಗಳವಾರದ ಮೂರನೇ ಪೀರಿಯಡ್‌ನಲ್ಲಿ ಬರುತ್ತದೆ. ಅದೇ ತೊಂದರೆ ಅನುಭವಿಸಿದ ಇನ್ನೊಬ್ಬ ಶಿಕ್ಷಕರನ್ನು ಅವತ್ತೇ ಸಂಜೆ ಕೇಳಬಹುದು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಅದೇ.

ಯಾವ ಆ್ಯಪ್‌ನಿಂದ ಶುರು ಮಾಡಲಿ?

ನಿಮ್ಮ ಫೋನಿನಲ್ಲಿ ಈಗಾಗಲೇ ಇರುವುದರಿಂದ. ಹೊಸ ಆ್ಯಪ್ ಕಲಿಯುವುದೇ ಒಂದು ದೊಡ್ಡ ಕೆಲಸವಾದರೆ ಉತ್ಸಾಹ ಅಲ್ಲೇ ಮುಗಿಯುತ್ತದೆ. ಆದರೆ ಒಂದೊಂದರ ಸ್ವಭಾವ ಬೇರೆ. ಅದು ಗೊತ್ತಿದ್ದರೆ ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅನ್ನುವುದು ಸುಲಭ.

ವಾಟ್ಸಾಪ್‌ನಲ್ಲಿ ಉತ್ತರ ಬೇಗ ಬರುತ್ತದೆ, ಹೆಚ್ಚಾಗಿ ಪರಿಚಯದವರಿಂದ. ಒಂದು ಗುಂಪಿಗೆ 1,024 ಜನರವರೆಗೆ ಸೇರಬಹುದು. ಆದರೆ ಅಷ್ಟು ಜನ ಇರುವ ಕಡೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಒಂದೇ ವಿಷಯ ಕಲಿಸುವ ಇಪ್ಪತ್ತು ಮೂವತ್ತು ಜನರ ಗುಂಪೇ ವಾಸಿ. ಒಂದು ತೊಂದರೆ ಅಂದರೆ, ಒಳ್ಳೆಯ ಉತ್ತರ ಎರಡು ದಿನದಲ್ಲಿ ಮೇಲೆ ಹೋಗಿ ಕಣ್ಮರೆಯಾಗುತ್ತದೆ. ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನರವರೆಗೆ ಇರಬಹುದು, ದೊಡ್ಡ ಫೈಲ್ ಹಾಕಬಹುದು, ವಿಷಯವಾರು ವಿಭಾಗ ಮಾಡಬಹುದು. ಹಾಗಾಗಿ ಪಾಠ ಯೋಜನೆ, ವರ್ಕ್‌ಶೀಟ್ ಕೂಡಿಡಲು ಅದು ಒಳ್ಳೆಯದು. ಫೇಸ್‌ಬುಕ್ ಗುಂಪಿನಲ್ಲಿ ಒಂದು ಪ್ರಶ್ನೆಯ ಕೆಳಗೆ ಎಲ್ಲ ಉತ್ತರವೂ ಒಟ್ಟಿಗೆ ಉಳಿಯುತ್ತದೆ. ಭೂತಗನ್ನಡಿ ಗುರುತು ಒತ್ತಿ ಹುಡುಕಿದರೆ ಮೂರು ವರ್ಷದ ಹಿಂದಿನ ಚರ್ಚೆಯೂ ಸಿಗುತ್ತದೆ. ಎಕ್ಸ್ ಮತ್ತು ಲಿಂಕ್ಡ್‌ಇನ್‌ನಲ್ಲಿ ದೂರದವರ, ಸಂಶೋಧಕರ ಪರಿಚಯ ಆಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ನೋಡಲು ಚೆಂದ ಇರುವುದು ಜಾಸ್ತಿ, ವಿವರ ಕಡಿಮೆ.

ಯೂಟ್ಯೂಬ್ ಬಗ್ಗೆ ಒಂದು ಮಾತು. ಪಾಠ ಮಾಡುವ ವಿಡಿಯೊಗಿಂತ, ನಿಜವಾದ ತರಗತಿಯಲ್ಲಿ ಶಿಕ್ಷಕರು ಮಕ್ಕಳ ತಪ್ಪು ಉತ್ತರಕ್ಕೆ ಏನು ಹೇಳುತ್ತಾರೆ ಅಂತ ತೋರಿಸುವ ವಿಡಿಯೊ ಹುಡುಕಿ. ಒಂದು ಸಲ ನೋಡಿ, ಆಮೇಲೆ ಆ ಕ್ಷಣಕ್ಕೆ ಮಾತ್ರ ವಾಪಸ್ ಬಂದು ಮತ್ತೆ ನೋಡಿ. ಕಲಿಯಲು ಸಿಗುವುದೆಲ್ಲ ಅಲ್ಲಿರುತ್ತದೆ.

ಯಾರನ್ನು ಫಾಲೋ ಮಾಡಲಿ?

ಫಾಲೋವರ್ಸ್ ಎಷ್ಟಿದ್ದಾರೆ ಅಂತ ನೋಡಬೇಡಿ. ಅವರು ಕೇಳಿದವರಿಗೆ ಉತ್ತರ ಕೊಡುತ್ತಾರಾ ಅಂತ ನೋಡಿ. ಕೆಲಸ ಮಾಡದೆ ಹೋದದ್ದನ್ನೂ ಹೇಳುತ್ತಾರಾ ಅಂತ ನೋಡಿ. ಬರೀ ಗೆದ್ದ ಕತೆ ಹೇಳುವವರಿಂದ ಕಲಿಯುವುದು ಕಷ್ಟ.

ಇನ್ನೊಂದು: ನೀವು ಏಳನೇ ತರಗತಿಗೆ ಗಣಿತ ಹೇಳುತ್ತಿದ್ದರೆ, ಐದು ಮತ್ತು ಆರನೇ ತರಗತಿಯ ಶಿಕ್ಷಕರನ್ನು ತಪ್ಪದೆ ಫಾಲೋ ಮಾಡಿ. ನಿಮ್ಮ ಮಕ್ಕಳ ಅರ್ಧ ಗೊಂದಲ ಎಲ್ಲಿ ಹುಟ್ಟಿತು ಅನ್ನುವುದು ಅವರ ಮಾತಿನಲ್ಲಿ ಗೊತ್ತಾಗುತ್ತದೆ. ನಿಮ್ಮ ಅಭಿಪ್ರಾಯ ಒಪ್ಪದ ಒಂದಿಬ್ಬರೂ ಪಟ್ಟಿಯಲ್ಲಿ ಇರಲಿ.

ನಾನು ಏನೂ ಬರೆಯಲ್ಲ, ಬರೀ ಓದ್ತೀನಿ. ತಪ್ಪಾ?

ಖಂಡಿತ ತಪ್ಪಲ್ಲ. ಎಲ್ಲ ಗುಂಪಿನಲ್ಲೂ ಓದುವವರೇ ಜಾಸ್ತಿ. ವೆಬ್ ಬಳಕೆಯ ತಜ್ಞ ಜಾಕೋಬ್ ನೀಲ್ಸನ್ 2006ರಲ್ಲಿ ಇದಕ್ಕೆ 90-9-1 ಅನ್ನುವ ಅಂದಾಜು ಕೊಟ್ಟರು. ನೂರು ಜನರಲ್ಲಿ 90 ಮಂದಿ ಓದಿ ಸುಮ್ಮನಾಗುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಉಳಿದ ಒಬ್ಬರೇ ಹೆಚ್ಚಿನದನ್ನೆಲ್ಲ ಬರೆಯುತ್ತಾರೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬ ಇಬ್ಬರು ವಿದ್ವಾಂಸರು ದರ್ಜಿಗಳು, ಸೂಲಗಿತ್ತಿಯರು ಕಸುಬು ಕಲಿಯುವ ಬಗೆಯನ್ನು ಗಮನಿಸಿ 1991ರಲ್ಲಿ ಹೇಳಿದ್ದೂ ಇಲ್ಲಿಗೆ ಹೊಂದುತ್ತದೆ. ಹೊಸಬರು ಮೊದಲು ಅಂಚಿನಲ್ಲಿ ಇರುತ್ತಾರೆ, ಸಣ್ಣಪುಟ್ಟ ಕೆಲಸ ಮಾಡುತ್ತಾ ನಿಧಾನವಾಗಿ ಒಳಗೆ ಬರುತ್ತಾರೆ. ಕಲಿಕೆ ನಡೆಯುವುದೇ ಹಾಗೆ.

ಅಂಚಿನಲ್ಲೇ ಉಳಿದುಬಿಟ್ಟರೆ ಮಾತ್ರ ಅರ್ಧ ಲಾಭ ಕೈಬಿಟ್ಟು ಹೋಗುತ್ತದೆ. ಮೊದಲ ಹೆಜ್ಜೆಗೆ ದೊಡ್ಡ ಪೋಸ್ಟ್ ಬೇಡ. ಯಾರದೋ ಐಡಿಯಾ ಬಳಸಿದ್ದರೆ ಅವರಿಗೆ ಒಂದು ಸಾಲು ಬರೆಯಿರಿ: "ನೀವು ಹೇಳಿದ್ದು ಮಾಡಿ ನೋಡಿದೆ, ನನ್ನ ತರಗತಿಯಲ್ಲಿ ಹೀಗಾಯಿತು." ಬರೆದವರಿಗೆ ಇದಕ್ಕಿಂತ ಖುಷಿ ಕೊಡುವ ಕಾಮೆಂಟ್ ಇಲ್ಲ.

ಗುಂಪಿನಲ್ಲಿ ಪ್ರಶ್ನೆ ಕೇಳಿದ್ರೆ ಯಾರೂ ಉತ್ತರ ಕೊಡಲ್ಲ. ಯಾಕೆ?

ಹೆಚ್ಚಿನ ಸಲ ಪ್ರಶ್ನೆ ತುಂಬಾ ದೊಡ್ಡದಾಗಿರುತ್ತದೆ. ಉತ್ತರಿಸಲು ಮನಸ್ಸಿದ್ದವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಈ ಎರಡು ಮೆಸೇಜ್ ನೋಡಿ.

ಒಂದು: "ಭಿನ್ನರಾಶಿ ಸುಲಭವಾಗಿ ಕಲಿಸೋದು ಹೇಗೆ? ಯಾರಾದರೂ ಹೇಳಿ."

ಇನ್ನೊಂದು: "ಐದನೇ ತರಗತಿ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಅಂದ್ರೆ ಜಾಸ್ತಿ ಮಕ್ಕಳು 1/4 ಅಂತಾರೆ. ಯಾಕೆ ಅಂದ್ರೆ ‘ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಟೀಚರ್’ ಅಂತಾರೆ. ಕಾಗದದ ಪಟ್ಟಿ ಮಡಚಿಸಿದೆ. ಪಟ್ಟಿ ಕೈಯಲ್ಲಿದ್ದಾಗ ಸರಿ ಹೇಳ್ತಾರೆ. ಪುಸ್ತಕಕ್ಕೆ ಬಂದ ಕೂಡಲೇ ಮತ್ತೆ ಅದೇ ತಪ್ಪು. ಪಟ್ಟಿಯಿಂದ ಅಂಕಿಗೆ ಬರುವಾಗ ನಡುವೆ ನೀವು ಏನು ಮಾಡ್ತೀರಿ?"

ಮೊದಲನೆಯದಕ್ಕೆ ಒಂದು ಯೂಟ್ಯೂಬ್ ಲಿಂಕ್ ಬರಬಹುದು, ಅಷ್ಟೇ. ಎರಡನೆಯದಕ್ಕೆ ಬರುವ ಉತ್ತರಗಳೇ ಬೇರೆ. ಮಡಚಿದ ಪಟ್ಟಿಯನ್ನು 0ಯಿಂದ 1ರವರೆಗಿನ ಸಂಖ್ಯಾರೇಖೆಯ ಮೇಲೆ ಇಟ್ಟು ಮಡಿಕೆ ಬಂದಲ್ಲಿ ಗುರುತು ಹಾಕಿಸಿ ಅಂತ ಒಬ್ಬರು ಹೇಳುತ್ತಾರೆ. ಮಡಚುವ ಮೊದಲೇ ಊಹೆ ಮಾಡಿಸಿ, ಆಮೇಲೆ ಮಡಚಿ ನೋಡಲಿ ಅಂತ ಇನ್ನೊಬ್ಬರು. 3/5 ಮತ್ತು 3/8ರಂತೆ ಅಂಶ ಒಂದೇ ಇರುವ ಜೋಡಿಗಳನ್ನು ಕೊಟ್ಟು, ಕೆಳಗಿನ ಅಂಕಿ ದೊಡ್ಡದಾದರೆ ತುಂಡು ಏನಾಗುತ್ತದೆ ಅಂತ ಮಕ್ಕಳ ಬಾಯಲ್ಲೇ ಹೇಳಿಸಿ ಅಂತ ಮತ್ತೊಬ್ಬರು. ಕೆಲವೊಮ್ಮೆ ಒಬ್ಬರು ತಿರುಗಿ ಕೇಳುತ್ತಾರೆ: "ಎಲ್ಲ ಪಟ್ಟಿಗಳೂ ಒಂದೇ ಉದ್ದ ಇದ್ವಾ?" ಈ ಮರುಪ್ರಶ್ನೆಗೆ ಬೆಲೆ ಕಟ್ಟಲಾಗದು. ಇಡೀ ಪಟ್ಟಿ ಒಂದೇ ಅಳತೆ ಇಲ್ಲದಿದ್ದರೆ ಹೋಲಿಕೆಗೇ ಅರ್ಥವಿಲ್ಲ. ಅದನ್ನು ಮಕ್ಕಳಿಗೆ ಬಿಡಿಸಿ ಹೇಳದೆ ಬಿಡುವುದು ತುಂಬಾ ಸುಲಭ.

ಅಂದರೆ ಪ್ರಶ್ನೆಯಲ್ಲಿ ತರಗತಿ ಯಾವುದು, ಮಕ್ಕಳು ಹೇಳಿದ ಮಾತು ಏನು, ನೀವು ಏನು ಮಾಡಿ ನೋಡಿದಿರಿ, ಎಲ್ಲಿ ಸಿಕ್ಕಿಬಿತ್ತು ಅನ್ನುವುದು ಇರಲಿ. ಮಕ್ಕಳ ಮಾತನ್ನು ಅವರು ಹೇಳಿದ ಹಾಗೆಯೇ ಬರೆಯಿರಿ. ಉತ್ತರದ ಸುಳಿವು ಹೆಚ್ಚಾಗಿ ಅದರಲ್ಲೇ ಇರುತ್ತದೆ. ಹೀಗೆ ಬರೆಯಲು ಕೂತಾಗ, ಕಳಿಸುವ ಮೊದಲೇ ಉತ್ತರ ಹೊಳೆಯುವುದೂ ಉಂಟು.

"ಇಷ್ಟೂ ಗೊತ್ತಿಲ್ವಾ" ಅಂತ ಅಂದುಕೊಳ್ಳಲ್ವಾ?

ಕೆಲವರು ಅಂದುಕೊಳ್ಳಬಹುದು. ಆದರೆ ಅದೇ ಪ್ರಶ್ನೆ ಇಟ್ಟುಕೊಂಡು ಕೇಳಲಾಗದೆ ಕೂತವರು ಅದಕ್ಕಿಂತ ಜಾಸ್ತಿ ಇರುತ್ತಾರೆ. ನೀವು ಕೇಳಿದ ಮೇಲೆ ನಾಲ್ಕು ಜನ ಖಾಸಗಿಯಾಗಿ "ನಂಗೂ ಇದೇ ಡೌಟ್ ಇತ್ತು" ಅಂತ ಮೆಸೇಜ್ ಮಾಡುತ್ತಾರೆ. ಮುಜುಗರ ಅನಿಸಿದರೆ ಸಣ್ಣ ಗುಂಪಿನಲ್ಲಿ ಕೇಳಿ. ಫೇಸ್‌ಬುಕ್‌ನ ಎಷ್ಟೋ ಗುಂಪುಗಳಲ್ಲಿ ಹೆಸರು ತೋರಿಸದೆ ಪ್ರಶ್ನೆ ಹಾಕುವ ಸೌಲಭ್ಯವೂ ಇದೆ. ಹಿರಿಯ ಶಿಕ್ಷಕರಿಗೆ ನನ್ನದೊಂದು ಕೋರಿಕೆ: ನೀವೇ ಮೊದಲು ಒಂದು ಪ್ರಶ್ನೆ ಕೇಳಿ. ಇಪ್ಪತ್ತು ವರ್ಷ ಪಾಠ ಹೇಳಿದವರೇ ಕೇಳಿದರೆ ಹೊಸಬರ ಹೆದರಿಕೆ ಅಲ್ಲಿಗೇ ಕಡಿಮೆಯಾಗುತ್ತದೆ.

ಹ್ಯಾಷ್‌ಟ್ಯಾಗ್ ಚಾಟ್ ಅಂದ್ರೆ ಏನು? ನಾವೂ ಮಾಡಬಹುದಾ?

ಮೊದಲೇ ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಎಲ್ಲರೂ # ಗುರುತು ಹಚ್ಚಿದ ಒಂದೇ ಪದ (ಅದೇ ಹ್ಯಾಷ್‌ಟ್ಯಾಗ್) ಸೇರಿಸಿ ಒಂದೇ ವಿಷಯದ ಮೇಲೆ ಬರೆಯುವುದು. ಟ್ವಿಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಬಳಸೋಣ ಅಂತ ಕ್ರಿಸ್ ಮೆಸಿನಾ ಸೂಚಿಸಿದ್ದು 2007ರಲ್ಲಿ. 2009ರಲ್ಲಿ ಎಡ್‌ಚಾಟ್ ಅನ್ನುವ ಹ್ಯಾಷ್‌ಟ್ಯಾಗ್ ಅಡಿಯಲ್ಲಿ ಶಿಕ್ಷಕರು ಪ್ರತಿ ಮಂಗಳವಾರ ಸೇರತೊಡಗಿದರು. ಅದನ್ನು ನೋಡಿ ವಿಷಯಕ್ಕೊಂದು, ದೇಶಕ್ಕೊಂದು ಚಾಟ್ ಹುಟ್ಟಿದವು. 2023ರಲ್ಲಿ ಟ್ವಿಟರ್ ಎಕ್ಸ್ ಆಯಿತು. ಅಲ್ಲಿದ್ದ ಶಿಕ್ಷಕರಲ್ಲಿ ಎಷ್ಟೋ ಜನ ಬ್ಲೂಸ್ಕೈ, ಮ್ಯಾಸ್ಟೊಡಾನ್ ಅಂತ ಬೇರೆ ಬೇರೆ ಕಡೆ ಹಂಚಿಹೋದರು. ಆ ಪದ್ಧತಿ ಮಾತ್ರ ಎಲ್ಲಿ ಬೇಕಾದರೂ ನಡೆಯುತ್ತದೆ.

ನಿಮ್ಮ ವಾಟ್ಸಾಪ್ ಗುಂಪಿನಲ್ಲೇ ಮಾಡಬಹುದು. ಹಿಂದಿನ ದಿನ ವಿಷಯ ಮತ್ತು ನಾಲ್ಕು ಪ್ರಶ್ನೆ ಹಾಕಿ. ಒಂದು ಗಂಟೆ, ಒಂದು ಪ್ರಶ್ನೆಗೆ ಹದಿನೈದು ನಿಮಿಷ. ಒಬ್ಬರು ನಡೆಸಲಿ. ಇನ್ನೊಬ್ಬರು ಕೊನೆಯಲ್ಲಿ ಮುಖ್ಯ ಮಾತುಗಳನ್ನು ಒಂದೇ ಪುಟದಲ್ಲಿ ಸೇರಿಸಿ ಪಿನ್ ಮಾಡಲಿ. ಈ ಎರಡನೆಯ ಕೆಲಸ ಮಾಡುವವರು ಸಿಕ್ಕರೆ ಮಾತ್ರ ಶುರು ಮಾಡಿ. ಇಲ್ಲದಿದ್ದರೆ ಮರುದಿನ ಯಾರಿಗೂ ಏನೂ ನೆನಪಿರುವುದಿಲ್ಲ.

ಆನ್‌ಲೈನ್ ಪರಿಚಯ ಮುಖಾಮುಖಿ ಭೇಟಿಗೂ ದಾರಿ ಮಾಡುತ್ತದೆ. 2006ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಶುರುವಾದ ಟೀಚ್‌ಮೀಟ್‌ನಲ್ಲಿ ಶಿಕ್ಷಕರು ಏಳು ನಿಮಿಷ ಅಥವಾ ಎರಡು ನಿಮಿಷ ಮಾತಾಡಿ ತಮ್ಮ ತರಗತಿಯ ಒಂದು ಪ್ರಯೋಗ ಹೇಳುತ್ತಾರೆ. 2010ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಎಡ್‌ಕ್ಯಾಂಪ್‌ನಲ್ಲಿ ಏನು ಚರ್ಚಿಸಬೇಕು ಅನ್ನುವುದನ್ನು ಬಂದವರೇ ಅವತ್ತು ಬೆಳಗ್ಗೆ ತೀರ್ಮಾನಿಸುತ್ತಾರೆ. ಎರಡಕ್ಕೂ ಬೇಕಾದದ್ದು ಒಂದು ಕೋಣೆ ಮತ್ತು ಬರಲು ಮನಸ್ಸಿರುವ ಹತ್ತು ಜನ.

ನಮ್ಮ ಗುಂಪಿನಲ್ಲಿ ಬರೀ ಶುಭೋದಯ, ಫಾರ್ವರ್ಡ್. ಏನು ಮಾಡೋದು?

ಶುಭೋದಯ ಕಳಿಸುವವರು ಕೆಟ್ಟವರಲ್ಲ. ಅವರಿಗೂ ಒಡನಾಟ ಬೇಕು. ಅದಕ್ಕೆ ಬೇರೆ ಗುಂಪು ಮಾಡಿಕೊಡಿ, ಈ ಗುಂಪು ಪಾಠಕ್ಕೆ ಮಾತ್ರ ಅಂತ ವಿವರಣೆಯಲ್ಲೇ ಬರೆದಿಡಿ. ಮೂರು ನಿಯಮ ಸಾಕು: ನಮ್ಮ ವಿಷಯ ಬಿಟ್ಟು ಬೇರೆ ಬೇಡ. ಫಾರ್ವರ್ಡ್ ಮಾಡುವುದಾದರೆ ಯಾಕೆ ಕಳಿಸುತ್ತಿದ್ದೇನೆ ಅಂತ ಸ್ವಂತ ಮಾತಿನಲ್ಲಿ ಒಂದು ಸಾಲು ಇರಲಿ. ರಾತ್ರಿ ಒಂಬತ್ತರ ನಂತರ ಮೆಸೇಜ್ ಬೇಡ. ಎರಡನೆಯ ನಿಯಮ ಒಂದೇ ಸಾಕು, ಫಾರ್ವರ್ಡ್ ತನ್ನಿಂದ ತಾನೇ ಕಡಿಮೆಯಾಗುತ್ತದೆ.

ನಿಯಮ ಮುರಿದವರಿಗೆ ಅಡ್ಮಿನ್ ಖಾಸಗಿಯಾಗಿ ಹೇಳಲಿ. ಎಲ್ಲರ ಎದುರು ಹೇಳಿದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ.

ಇಲ್ಲಿ ಬರುವ "ಸಂಶೋಧನೆ ಪ್ರಕಾರ" ಎಲ್ಲ ನಂಬಬಹುದಾ?

ಬೆಳ್ಳಗಿರುವುದೆಲ್ಲ ಹಾಲಲ್ಲ. ಶಿಕ್ಷಕರ ಗುಂಪುಗಳಲ್ಲಿ ವರ್ಷಗಳಿಂದ ಓಡಾಡುತ್ತಿರುವ ಎರಡು ವಿಷಯ ನೋಡಿ.

ಮೊದಲನೆಯದು ಕಲಿಕಾ ಶೈಲಿ. ಕೆಲವು ಮಕ್ಕಳು ಕಣ್ಣಿನಿಂದ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಕಲಿಯುತ್ತಾರೆ, ಅವರವರ ಶೈಲಿಗೆ ತಕ್ಕ ಹಾಗೆ ಪಾಠ ಮಾಡಿ ಅನ್ನುತ್ತಾರೆ. ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸರಿಯಾದ ಆಧಾರ ಇಲ್ಲ ಅಂದರು. ಚಿತ್ರ, ಮಾತು, ಕೈಕೆಲಸ ಎಲ್ಲವೂ ಪಾಠದಲ್ಲಿ ಇರಲಿ, ಆದರೆ ಎಲ್ಲ ಮಕ್ಕಳಿಗೂ ಇರಲಿ. ಒಂದು ಮಗುವಿಗೆ "ಇವನು ಕೇಳಿ ಕಲಿಯುವವನು" ಅಂತ ಚೀಟಿ ಅಂಟಿಸುವುದು ಬೇಡ.

ಎರಡನೆಯದು ಪಿರಮಿಡ್ ಚಿತ್ರ. ಓದಿದ್ದು ಶೇ 10 ನೆನಪಿರುತ್ತದೆ, ಕೇಳಿದ್ದು ಶೇ 20, ಮಾಡಿದ್ದು ಶೇ 90 ಅಂತ ಅದರಲ್ಲಿರುತ್ತದೆ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಅನುಭವದ ಶಂಕು ಅಂತ ಒಂದು ಚಿತ್ರ ಕೊಟ್ಟಿದ್ದರು. ಅದರಲ್ಲಿ ಒಂದೂ ಅಂಕಿ ಇರಲಿಲ್ಲ. ಶೇಕಡಾಗಳನ್ನು ಬೇರೆಯವರು ಆಮೇಲೆ ಸೇರಿಸಿದರು. ಎಲ್ಲವೂ ಹತ್ತರ ಲೆಕ್ಕದಲ್ಲಿ ಅಷ್ಟು ಅಚ್ಚುಕಟ್ಟಾಗಿ ಬಂದಿರುವುದೇ ಅನುಮಾನಕ್ಕೆ ಸಾಕು, ಅಲ್ವಾ?

ಗಟ್ಟಿ ಆಧಾರ ಇರುವ ವಿಷಯಗಳೂ ಇದೇ ಗುಂಪುಗಳಿಗೆ ಬರುತ್ತವೆ. ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರೆ ಒಂದು ವಾರದ ನಂತರ ಜಾಸ್ತಿ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಪಾಠದ ಕೊನೆಯ ಐದು ನಿಮಿಷಕ್ಕೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಯಾವುದೇ ಪೋಸ್ಟ್ ಬಂದರೂ ಯಾರು ಮಾಡಿದ ಅಧ್ಯಯನ, ಯಾವ ವರ್ಷ, ಯಾವ ವಯಸ್ಸಿನ ಮಕ್ಕಳು, ಯಾವುದರ ಜೊತೆ ಹೋಲಿಸಿದರು ಅಂತ ಕೇಳಿ. ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ರಜೆ, ಪರೀಕ್ಷೆ, ಸುತ್ತೋಲೆ ಅಂತ ಬರುವ ಮೆಸೇಜ್‌ಗಳನ್ನಂತೂ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ನೋಡಿಯೇ ನಂಬಿ. ಶಿಕ್ಷಕರು ಕಳಿಸಿದ್ದು ಅಂದ ಕೂಡಲೇ ಪೋಷಕರು ಪರೀಕ್ಷಿಸದೆ ನಂಬುತ್ತಾರೆ.

ಬೇರೆಯವರ ವರ್ಕ್‌ಶೀಟ್ ಬಳಸಬಹುದಾ?

ಗುಂಪಿನಲ್ಲಿ ಸಹ ಶಿಕ್ಷಕರು ಬಳಸಿ ಅಂತಲೇ ಹಾಕಿದ್ದರೆ ಧಾರಾಳವಾಗಿ. ಮುಂದೆ ಹಂಚುವಾಗ ಅವರ ಹೆಸರು ಅಳಿಸಬೇಡಿ. ಹೆಸರು ಅಳಿಸಿ ತಮ್ಮ ಹೆಸರು ಹಾಕಿಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಳ್ಳೆಯ ವರ್ಕ್‌ಶೀಟ್ ಮಾಡುವವರು ಹಂಚುವುದನ್ನೇ ನಿಲ್ಲಿಸುವುದು ಹೀಗೆ ಆದಾಗ.

ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದಕ್ಕೆ ಕ್ರಿಯೇಟಿವ್ ಕಾಮನ್ಸ್ (CC) ಗುರುತು ಇದೆಯಾ ನೋಡಿ. ಯಾವ ಷರತ್ತಿನಲ್ಲಿ ಬಳಸಬಹುದು ಅಂತ ಮಾಡಿದವರೇ ಮೊದಲೇ ಹೇಳಿಡುವ ಗುರುತು ಅದು. ಈ ಸಂಸ್ಥೆಯ ಮೊದಲ ಪರವಾನಗಿಗಳು 2002ರಲ್ಲಿ ಬಂದವು. ಬಿವೈ (BY) ಅಂತ ಇದ್ದರೆ ಮಾಡಿದವರ ಹೆಸರು ಹೇಳಿ ಬಳಸಬಹುದು. ಎನ್‌ಸಿ (NC) ಇದ್ದರೆ ದುಡ್ಡು ಮಾಡುವಂತಿಲ್ಲ. ಎನ್‌ಡಿ (ND) ಇದ್ದರೆ ಬದಲಾಯಿಸಿ ಹಂಚುವಂತಿಲ್ಲ. ಎಸ್‌ಎ (SA) ಇದ್ದರೆ, ನೀವು ಬದಲಾಯಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಮಾರಾಟಕ್ಕಿರುವ ಇಡೀ ಪುಸ್ತಕದ ಪಿಡಿಎಫ್ ಫಾರ್ವರ್ಡ್ ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮಕ್ಕಳ ಫೋಟೋ, ನೋಟ್‌ಬುಕ್, ವಿಡಿಯೊ ಹಾಕಬಹುದಾ?

ಮುಖ ಕಾಣುವ ಫೋಟೋ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಶಾಲೆಯ ನಿಯಮ ಒಪ್ಪಿದರೂ, ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಹಾಕಲೇಬಾರದು. ಮಗುವನ್ನೂ ಕೇಳಬೇಕು. ಒಮ್ಮೆ ಹಾಕಿದ ಫೋಟೋ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ಆಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ.

ನೋಟ್‌ಬುಕ್ ಫೋಟೋ ಅಷ್ಟು ಅಪಾಯ ಅಲ್ಲ ಅನಿಸುತ್ತದೆ. ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮೇಲಿನ ಮೂಲೆಯಲ್ಲಿ ಹೆಸರು ಇರುತ್ತದೆ. ಹಾಳೆಯ ಹಿಂದಿನ ಬದಿಯಿಂದ ರೋಲ್ ನಂಬರ್ ಮಸುಕಾಗಿ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು ಪುಸ್ತಕದ ಲೇಬಲ್, ಅದರ ಮೇಲೆ ಶಾಲೆಯ ಮುದ್ರೆ. ಲೊಕೇಶನ್ ಆನ್ ಇದ್ದರೆ ಎಲ್ಲಿ ತೆಗೆದದ್ದು ಅನ್ನುವುದೂ ಫೋಟೋ ಫೈಲ್ ಒಳಗೆ ಕೂತಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ಹೋಗುವುದಿಲ್ಲ, ಡಾಕ್ಯುಮೆಂಟ್ ಅಂತ ಕಳಿಸಿದರೆ ಜೊತೆಗೇ ಹೋಗುತ್ತದೆ. ಇದಕ್ಕೆಲ್ಲ ಸುಲಭ ದಾರಿ ಇದೆ. ಮಗು ಮಾಡಿದ ತಪ್ಪನ್ನು ಬೇರೆ ಹಾಳೆಯಲ್ಲಿ ನೀವೇ ಬರೆದು, ಅದರ ಫೋಟೋ ಹಾಕಿ. ಚರ್ಚೆಗೆ ಅಷ್ಟು ಸಾಕು.

ಮಕ್ಕಳ ತಪ್ಪು ಉತ್ತರವನ್ನು ನಗೆಪಾಟಲು ಮಾಡುವ ಪೋಸ್ಟ್‌ಗಳು ತುಂಬಾ ಓಡುತ್ತವೆ. ದಯವಿಟ್ಟು ಅದನ್ನು ಮಾಡಬೇಡಿ, ಲೈಕೂ ಒತ್ತಬೇಡಿ. ಆ ಮಗು ನಮ್ಮನ್ನು ನಂಬಿ ಬರೆದ ಉತ್ತರ ಅದು.

ವಿದ್ಯಾರ್ಥಿಗಳು, ಪೋಷಕರು ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ರೆ?

ವಿದ್ಯಾರ್ಥಿಗಳದ್ದು ಒಪ್ಪಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷ ಆಗಿರಬೇಕು ಅನ್ನುವುದು ಆ ಕಂಪನಿಗಳದ್ದೇ ನಿಯಮ. ಅದಕ್ಕಿಂತ ದೊಡ್ಡ ಮಕ್ಕಳಾದರೂ, "ಕ್ಲಾಸಿನಲ್ಲೇ ಮಾತಾಡೋಣ" ಅಂತ ಪ್ರೀತಿಯಿಂದ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಪೋಷಕರ ಜೊತೆ ಶಾಲೆ ಒಪ್ಪಿದ ದಾರಿಯಲ್ಲೇ ಮಾತು ಇರಲಿ. ವೃತ್ತಿಗೆ ಒಂದು, ಮನೆಮಂದಿಗೆ ಒಂದು ಅಂತ ಎರಡು ಖಾತೆ ಇಟ್ಟುಕೊಂಡರೆ ಅರ್ಧ ತಲೆನೋವು ಇರುವುದಿಲ್ಲ.

ಶಾಲೆಯಲ್ಲಿ ಬೇಸರವಾದಾಗ ಗುಂಪಿನಲ್ಲಿ ಹೇಳಿಕೊಳ್ಳಬಹುದಾ?

ಗುಂಪಿನಲ್ಲಿ ಬೇಡ. ನಂಬಿಕೆಯ ಒಬ್ಬ ಗೆಳೆಯರಿಗೆ ಫೋನ್ ಮಾಡಿ. ಸ್ಕ್ರೀನ್‌ಶಾಟ್ ತೆಗೆಯಲು ಒಂದು ಕ್ಷಣ ಸಾಕು. ತೊಂದರೆಯನ್ನು ಪಾಠದ ಪ್ರಶ್ನೆಯಾಗಿ ಬದಲಾಯಿಸಲು ಆಗುವುದಾದರೆ, ಹೆಸರು, ಶಾಲೆ ಯಾವುದೂ ಇಲ್ಲದೆ ಕೇಳಬಹುದು.

ಟೈಮ್ ಎಲ್ಲಿದೆ? ಫೋನ್ ಹಿಡಿದ್ರೆ ಒಂದು ಗಂಟೆ ಹೋಗಿಬಿಡುತ್ತೆ.

ದಿನಾ ಬೇಡ. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ. ಫೋನ್ ತೆಗೆಯುವ ಮೊದಲು ಒಂದು ಚೀಟಿಯಲ್ಲಿ ಪ್ರಶ್ನೆ ಬರೆದುಕೊಳ್ಳಿ. ಅದಕ್ಕೆ ಉತ್ತರ ಸಿಕ್ಕರೂ ಸಿಗದಿದ್ದರೂ ಇಪ್ಪತ್ತು ನಿಮಿಷಕ್ಕೆ ಮುಚ್ಚಿ. ಗುಂಪುಗಳನ್ನೆಲ್ಲ ಮ್ಯೂಟ್ ಮಾಡಿ, ನೋಟಿಫಿಕೇಶನ್ ತೆಗೆದುಹಾಕಿ. ಪಾಠದ ಬಗ್ಗೆ ಬರುವ ಯಾವ ಮೆಸೇಜ್‌ಗೂ ಹತ್ತು ನಿಮಿಷದಲ್ಲಿ ಉತ್ತರ ಕೊಡಬೇಕಾದ ಅಗತ್ಯ ಇರುವುದಿಲ್ಲ.

ಸೇವ್ ಮಾಡಿಟ್ಟ ಪೋಸ್ಟ್‌ಗಳದ್ದೂ ಒಂದು ಸಮಸ್ಯೆ. ಉಳಿಸಿಟ್ಟರೆ ಕಲಿತ ಹಾಗೆ ಅನಿಸುತ್ತದೆ. ಮುಂದಿನ ತಿಂಗಳ ಪಾಠಕ್ಕೆ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳಿ. ಉಳಿದದ್ದನ್ನು ಧೈರ್ಯವಾಗಿ ಅಳಿಸಿ, ಬೇಕಾದಾಗ ಮತ್ತೆ ಸಿಗುತ್ತದೆ.

ಬೇರೆಯವರ ಅಂದದ ತರಗತಿ ನೋಡಿದ್ರೆ ನಾನು ಏನೂ ಮಾಡ್ತಿಲ್ಲ ಅನಿಸುತ್ತೆ.

ಅದು ಇಡೀ ವರ್ಷದಲ್ಲಿ ಚೆನ್ನಾಗಿ ಕಂಡ ಒಂದು ನಿಮಿಷ. ಗೋಡೆ ತುಂಬಾ ಚಾರ್ಟ್ ಇದ್ದ ಮಾತ್ರಕ್ಕೆ ಮಕ್ಕಳು ಕಲಿತರು ಅಂತಲ್ಲ. ಅಂಥ ಖಾತೆ ನೋಡಿ ಪ್ರತಿ ಸಲವೂ ಮನಸ್ಸು ಕುಗ್ಗಿದರೆ ಅನ್‌ಫಾಲೋ ಮಾಡಿ. ಯಾರಿಗೂ ಕಾರಣ ಹೇಳಬೇಕಿಲ್ಲ.

ನಾನೇ ಯೂಟ್ಯೂಬ್ ಚಾನಲ್ ಶುರು ಮಾಡಲಾ?

ಹಂಚಲು ಏನಾದರೂ ಇದ್ದರೆ ಮಾಡಿ. ಇಡೀ ಪಾಠ ಬೇಡ, ಒಂದು ಪರಿಕಲ್ಪನೆಗೆ ಮೂರು ನಿಮಿಷ ಸಾಕು. ಮುಖ ತೋರಿಸಲೇಬೇಕು ಅಂತಿಲ್ಲ, ಹಾಳೆ ಮತ್ತು ಕೈ ಕಂಡರೆ ಆಯಿತು. ಕಂಪನಿಯೊಂದು ಉಚಿತವಾಗಿ ಏನಾದರೂ ಕೊಟ್ಟು ಹೊಗಳಿ ಅಂದರೆ, ಕೊಟ್ಟಿದ್ದಾರೆ ಅಂತ ವಿಡಿಯೊದಲ್ಲೇ ಹೇಳಿ. ಬರೀ ಸ್ವಂತ ಬೆಳವಣಿಗೆ ಗುರಿಯಾದರೆ ಚಾನಲ್‌ಗಿಂತ ಒಳ್ಳೆಯ ಉಪಾಯ ಇದೆ. ಶಾಲೆಯ ಅನುಮತಿ ಪಡೆದು ನಿಮ್ಮದೇ ಒಂದು ಪಾಠದ ಧ್ವನಿ ರೆಕಾರ್ಡ್ ಮಾಡಿ. ಯಾರಿಗೂ ಕಳಿಸಬೇಡಿ. ಸಂಜೆ ಒಬ್ಬರೇ ಕೂತು ಕೇಳಿ, ಆಮೇಲೆ ಅಳಿಸಿ.

ಎಐ ಇರುವಾಗ ಗುಂಪು ಯಾಕೆ?

ಪಾಠ ಯೋಜನೆಯ ಕರಡು ಎಐ ಬರೆದುಕೊಡುತ್ತದೆ. ಆದರೆ ಅದು ಯಾವ ತರಗತಿಯಲ್ಲೂ ನಿಂತಿಲ್ಲ. ಹಿಂದಿನ ಬೆಂಚಿನಲ್ಲಿ ಮಾತು ಶುರುವಾದಾಗ ಆ ಚಟುವಟಿಕೆ ಎಲ್ಲಿ ಕುಸಿಯಿತು ಅನ್ನುವುದನ್ನು ಮಾಡಿ ನೋಡಿದವರೇ ಹೇಳಬೇಕು. ಕರಡನ್ನು ಅದರಿಂದ ಪಡೆದು, ಗುಂಪಿನಲ್ಲಿ ಹಾಕಿ "ಇದರಲ್ಲಿ ಏನು ನಡೆಯಲ್ಲ?" ಅಂತ ಕೇಳಿ.

ಇದಕ್ಕೆ ಪ್ರಮಾಣಪತ್ರ ಇಲ್ಲ. ಲೆಕ್ಕಕ್ಕೆ ಬರುತ್ತಾ?

ಬರುವ ಹಾಗೆ ನೀವೇ ಮಾಡಿಕೊಳ್ಳಬಹುದು. ಒಂದು ಪುಸ್ತಕದಲ್ಲಿ ದಿನಾಂಕ, ಪ್ರಶ್ನೆ, ಎಲ್ಲಿಂದ ಯಾವ ಸಲಹೆ ಬಂತು, ತರಗತಿಯಲ್ಲಿ ಏನಾಯಿತು ಅಂತ ನಾಲ್ಕು ಸಾಲು ಬರೆಯುತ್ತಾ ಹೋಗಿ. ವರ್ಷದ ಕೊನೆಗೆ ಮುಖ್ಯಶಿಕ್ಷಕರ ಎದುರು ಇಡಲು ಇದು ಗಟ್ಟಿ ದಾಖಲೆ. ಹಾಗಂತ ತರಬೇತಿ ಬೇಡ ಅನ್ನುತ್ತಿಲ್ಲ. ಒಂದು ವಿಷಯವನ್ನು ಬುಡದಿಂದ ಕಲಿಯಲು ತರಬೇತಿ, ಪುಸ್ತಕ ಎರಡೂ ಬೇಕು.

ಗುಂಪಿನಲ್ಲಿ ಹೇಳಿದ್ದು ಮಾಡಿದೆ, ನನ್ನ ತರಗತಿಯಲ್ಲಿ ನಡೀಲಿಲ್ಲ. ಈಗ?

ಈಗಲೇ ನೀವು ಬರೆಯಬೇಕಾದದ್ದು. ನಡೆದದ್ದನ್ನು ಹತ್ತು ಜನ ಹೇಳುತ್ತಾರೆ, ನಡೆಯದ್ದನ್ನು ಹೇಳುವವರು ಕಡಿಮೆ. ಆದರೆ ಉಳಿದವರಿಗೆ ಹೆಚ್ಚು ಉಪಯೋಗ ಆಗುವುದು ಅದರಿಂದಲೇ.

ಒಂದು ಉದಾಹರಣೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ ಅನ್ನುವ ಸಲಹೆ ಆಗಾಗ ಬರುತ್ತದೆ. ಅದರ ಹಿಂದೆ 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಮಾಡಿದ ಅಧ್ಯಯನ ಇದೆ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಅಂತ ಅವರು ಕಂಡರು. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ಟರು. ಇದನ್ನು ಓದಿ ನೀವು ಮಾಡಿದಿರಿ ಅನ್ನಿ. ಬೇಗ ಉತ್ತರ ಹೊಳೆದ ಇಬ್ಬರು ಕೂಗಿಬಿಟ್ಟರು, ಉಳಿದವರು ಅಲ್ಲಿಗೇ ಯೋಚನೆ ನಿಲ್ಲಿಸಿದರು. ಇಷ್ಟಕ್ಕೇ "ಇದು ನಮ್ಮ ಮಕ್ಕಳಿಗೆ ಆಗಲ್ಲ" ಅಂತ ಬಿಟ್ಟರೆ ಒಂದು ಒಳ್ಳೆಯ ಉಪಾಯ ವ್ಯರ್ಥ. ಗುಂಪಿಗೆ ಹೀಗೆ ಬರೆಯಿರಿ:

"ಮೂರು ಸೆಕೆಂಡ್ ಕಾಯೋದು ಆರನೇ ತರಗತಿ ವಿಜ್ಞಾನದಲ್ಲಿ ಒಂದು ವಾರ ಮಾಡಿದೆ. ನಾನು ಕಾದೆ, ಆದರೆ ಮುಂದಿನ ಬೆಂಚಿನ ಇಬ್ಬರು ಕಾಯಲಿಲ್ಲ. ಅವರ ಉತ್ತರ ಬಂದ ಕೂಡಲೇ ಉಳಿದವರು ಬಿಟ್ಟರು. ನಾಳೆಯಿಂದ ಕೈ ಎತ್ತೋದು ಬೇಡ ಅಂತ ಹೇಳಿ, ಎಲ್ಲರೂ ಮೊದಲು ಸ್ಲೇಟಿನಲ್ಲಿ ಬರೆದು ಒಟ್ಟಿಗೆ ತೋರಿಸಲಿ ಅಂದುಕೊಂಡಿದ್ದೇನೆ. ಹೀಗೆ ಮಾಡಿದವರು ಇದ್ದೀರಾ? ನಲವತ್ತು ಸ್ಲೇಟ್ ಒಂದೇ ಸಲ ಓದೋದು ಹೇಗೆ?"